ಹ್ಞೂಂ ಅಂದವನ ಲೈನ್ ಕ್ಲಿಯರ್

ನನ್ನ ದನಿ ದೊಡ್ಡದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಹೆಂಗಸು ಯಾಕೆ ಎಲ್ಲರ ಮೇಲೂ ಹರಿಹಾಯುತ್ತಾಳೆ ಅಂತ ನಿಮಗೆ ಅನ್ನಿಸಿಬಿಡುತ್ತದೆ. ಕೊಟ್ಟೂರಿನಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಬೆಳಿಗ್ಗೆ ಬೆಲ್ಟ್ ಏರಿಸಿದರೆ ಸಂಜೆ ಇಳಿಸುವ ತನಕ ಯಾರು ಏನು ಹೇಳಬೇಕಾದರೂ ಕೂಗಬೇಕು. ಉಣ್ಣಾಕ ಬಾ ಅಂತ ಕೂಗು, ಜ್ವರ ಇಳೀತಾ ಅಂತ ಕೂಗು, ಪಾಸಾದೆ ಅಂತ ಕೂಗು. ನಮ್ಮವ್ವ ನನ್ನನ್ನು ಮುದ್ದು ಮಾಡಿದ್ದೂ ಕೂಗಿಯೇ. ನನ್ನ ಗಂಡ ಹಗರಿಬೊಮ್ಮನಹಳ್ಳಿಯ ಮೆತ್ತಗಿನ ಮನುಷ್ಯ. ಮದುವೆಯಾದ ಹೊಸದರಲ್ಲಿ ಚಾ ಬೇಕೇನ್ರಿ ಅಂತ ನಾನು ಕೇಳಿದರೆ ಏನೋ ತಪ್ಪು ಮಾಡಿದವರಂತೆ ಎದ್ದು ನಿಲ್ಲುತ್ತಿದ್ದರು.

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ ಇರುವ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ನಾನು ಆಪರೇಟರ್. ನಾವು ಅದನ್ನು ಬರೀ ಸ್ಟೇಷನ್ ಅನ್ನುತ್ತೇವೆ. ನನ್ನದು ಹಗಲು ಪಾಳಿ, ದಿನಾ ಕೊಟ್ಟೂರಿನ ಮನೆಯಿಂದ ಬಸ್ಸಿನಲ್ಲಿ ಓಡಾಟ. ಟ್ರಾನ್ಸ್‌ಫಾರ್ಮರ್ ಸದಾ ಗುಂಯ್ ಅನ್ನುತ್ತಿರುತ್ತದೆ, ಫೋನು ಬಡಿದುಕೊಳ್ಳುತ್ತಿರುತ್ತದೆ. ಗಿರಣಿ ಮನೆಯ ಮಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು ಅಂತ ನಮ್ಮ ಮೇಸ್ತ್ರಿ ಚೇಷ್ಟೆ ಮಾಡುತ್ತಾರೆ. ಮೇಸ್ತ್ರಿ ಅಂದರೆ ನಮ್ಮ ಹಿರಿಯ ಲೈನ್‌ಮ್ಯಾನ್. ನಿವೃತ್ತಿ ಹತ್ತಿರ ಇದೆ, ಬಾಯಿ ಮಾತ್ರ ಇನ್ನೂ ಚುರುಕು.

ನನ್ನ ಕೆಲಸದಲ್ಲಿ ಮುಖ್ಯವಾದದ್ದು ಲೈನ್ ಕ್ಲಿಯರ್, ಎಲ್.ಸಿ. ಎಲ್ಲೋ ಹೊಲದಲ್ಲಿ ತಂತಿಯ ಮೇಲೆ ಕೆಲಸವಿದ್ದರೆ ಲೈನ್‌ಮ್ಯಾನ್ ಫೋನ್ ಮಾಡಿ, ಇಂಥ ಫೀಡರಿನ, ಅಂದರೆ ಸ್ಟೇಷನ್ನಿನಿಂದ ಹೊರಡುವ ಇಂಥ ಲೈನಿನ, ಎಲ್.ಸಿ. ಕೊಡ್ರಿ ಅನ್ನುತ್ತಾನೆ. ನಾನು ಆ ಫೀಡರಿನ ಬ್ರೇಕರ್ ಬಿಡಿಸಿ ಕರೆಂಟ್ ನಿಲ್ಲಿಸಿ, ಅಂಗಳಕ್ಕೆ ಹೋಗಿ ಐಸೊಲೇಟರ್ ತೆಗೆದು ಲೈನನ್ನು ಬೇರೆ ಮಾಡಿ, ಅರ್ಥಿಂಗ್ ಕೊಟ್ಟು, ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಿ, ಹ್ಯಾಂಡಲು ಕಳಚಿ, ಬೀಗ ಜಡಿದು, ಜನ ಕೆಲಸದಲ್ಲಿದ್ದಾರೆ ಅನ್ನುವ ಕೆಂಪು ಬೋರ್ಡು ತೂಗುಹಾಕಿ, ಆಮೇಲೆ ಒಂದು ನಂಬರು ಹೇಳುತ್ತೇನೆ. ಅವನು ಅದನ್ನು ತಿರುಗಿ ಹೇಳಬೇಕು. ಅಲ್ಲಿಂದ ಆ ತಂತಿ ಅವನ ಕೈಯಲ್ಲಿ. ಅವನೂ ಕಂಬದ ಹತ್ತಿರ ತನ್ನ ರಾಡಿನಿಂದ ಅರ್ಥಿಂಗ್ ಕೊಟ್ಟುಕೊಂಡೇ ಹತ್ತಬೇಕು. ಕೆಲಸ ಮುಗಿದ ಮೇಲೆ ಅವನೇ ಫೋನ್ ಮಾಡಿ ಆ ನಂಬರು ಹೇಳಿ, ಎಲ್ಲರೂ ಇಳಿದಿದ್ದೇವೆ, ನಮ್ಮ ಅರ್ಥಿಂಗ್ ತೆಗೆದಿದ್ದೇವೆ, ಎಲ್.ಸಿ. ವಾಪಸ್ ತಗೊಳ್ರಿ ಅನ್ನಬೇಕು. ಆಗ ನಾನು ಲೈನ್ ಚಾರ್ಜ್ ಮಾಡುತ್ತೇನೆ, ಅಂದರೆ ಕರೆಂಟ್ ಬಿಡುತ್ತೇನೆ. ಕಂಬ ಎಲ್ಲೋ, ನಾನು ಎಲ್ಲೋ. ನನ್ನ ಕಣ್ಣಿಗೆ ಏನೂ ಕಾಣುವುದಿಲ್ಲ. ನಡುವೆ ಇರುವುದು ಮಾತು ಮಾತ್ರ.

ಹೋದ ವರ್ಷ ಬೇಸಿಗೆ ಶುರುವಾಗುವಾಗ ನಮ್ಮ ಸೆಕ್ಷನ್ನಿಗೆ ಹೊಸ ಲೈನ್‌ಮ್ಯಾನ್ ಬಂದ. ಹರಪನಹಳ್ಳಿ ತಾಲೂಕಿನವನು, ಬಾಗಳಿ ಹತ್ತಿರದ ಹಳ್ಳಿ. ಮೂವತ್ತು ಇನ್ನೂ ದಾಟಿಲ್ಲ, ಇನ್ನೂ ಪ್ರೊಬೇಷನ್. ಕಂಬ ಹತ್ತುವುದರಲ್ಲಿ ಎತ್ತಿದ ಕೈ. ಮೇಸ್ತ್ರಿಯೇ ಮೆಚ್ಚಿದ್ದರು. ಮಾತು ಮಾತ್ರ ಒಂದೇ: ಹ್ಞೂಂರಿ.

"ಎಲ್.ಸಿ. ನಂಬರ್ ಬರಕಂಡ್ಯಾ?"

"ಹ್ಞೂಂರಿ."

"ಅರ್ಥಿಂಗ್ ರಾಡ್ ಒಯ್ದೀಯಾ?"

"ಹ್ಞೂಂರಿ."

ಮೊದಮೊದಲು ನನಗೆ ಖುಷಿಯೇ ಆಯಿತು. ಉಳಿದವರೆಲ್ಲ ನನ್ನ ಜೊತೆ ಜಗಳ ಆಡುವವರೇ. ಒಬ್ಬನಿಗೆ ಎಲ್.ಸಿ. ಕೊಡುವಷ್ಟರಲ್ಲಿ ಅವನ ಮನೆಯ ಕಥೆ, ನನ್ನ ಮನೆಯ ಕಥೆ, ಸಾಹೇಬರ ಕಥೆ ಎಲ್ಲ ಮುಗಿದಿರುತ್ತದೆ. ಇವನೊಬ್ಬ ಹೇಳಿದ್ದು ಕೇಳುವ ಹುಡುಗ ಅಂದುಕೊಂಡೆ. ಆದರೆ ಬರಬರುತ್ತಾ ನನಗೆ ಏನೋ ಕಸಿವಿಸಿ. ಅವನ ಹ್ಞೂಂ ನನ್ನ ಪ್ರಶ್ನೆ ಮುಗಿಯುವ ಮೊದಲೇ ಬರುತ್ತಿತ್ತು. ನಾನು "ತಂತಿ ನೋಡಿದ್..." ಅನ್ನುವಷ್ಟರಲ್ಲಿ ಆ ಕಡೆ ಹ್ಞೂಂ. ಏನು ಕೇಳಿದೆ ಅಂತ ಕೇಳಿಸಿಕೊಂಡನೋ ಇಲ್ಲವೋ. ಫೋನ್ ಇಟ್ಟ ಮೇಲೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಎದ್ದು ಹೋಗಿ ಜಡಿದ ಬೀಗವನ್ನೇ ಮತ್ತೆ ಜಗ್ಗಿ ನೋಡಿ ಬರುತ್ತಿದ್ದೆ.

ಒಂದು ದಿನ ಮೇಸ್ತ್ರಿ ಬಂದು, "ನಿಮ್ಮ ಹ್ಞೂಂಕಾರದವ ಕಂಬದ ಮ್ಯಾಲಿನ ಸ್ವಿಚ್ ತಗದೀನಿ ಅಂದಿದ್ನಲ್ಲ, ನಾ ಹೋಗಿ ನೋಡಿದ್ರ ಅದು ಹಂಗs ಕುಂತೈತಿ" ಅಂದರು. ಆ ದಿನ ಏನೂ ಆಗಿರಲಿಲ್ಲ, ಸ್ಟೇಷನ್ನಿನಲ್ಲಿ ನಾನು ಬಿಡಿಸಿದ್ದೆ. ಸೆಕ್ಷನ್ ಆಫೀಸರ್, ನಾವು ಸಾಹೇಬರು ಅನ್ನುವವರು, ಎಲ್ಲರ ಎದುರು ಅವನಿಗೆ ಉಗಿದರು. ಇನ್ನೊಮ್ಮೆ ಹಿಂಗ ಮಾಡ್ತೀಯಾ ಅಂತ ಗದರಿಸಿದರು. ಅದಕ್ಕೂ ಅವನು ಹ್ಞೂಂರಿ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಾಹೇಬರು ಮಾತ್ರ ನಗಲಿಲ್ಲ.

ಮುಂಗಾರಿಗೆ ಮುಂಚಿನ ಗಾಳಿ ಬೀಸುವ ದಿನಗಳು ಬಂದವು. ಆ ಗಾಳಿ ನಮ್ಮ ಕಡೆ ಮಳೆಗಿಂತ ಜಾಸ್ತಿ ಕೆಲಸ ಕೊಡುತ್ತದೆ. ಒಂದು ಮಧ್ಯಾಹ್ನ ಹೊಸಹಳ್ಳಿ ಕಡೆಯ ಒಂದು ಫೀಡರಿನ ಮೇಲೆ ಬೇವಿನ ಕೊಂಬೆ ಬಿದ್ದು ತಂತಿ ಹರಿಯಿತು. ಮೇಸ್ತ್ರಿ ಬೇರೆ ಕಡೆ ಉರುಳಿದ ಕಂಬ ಎತ್ತಿಸಲು ಹೋಗಿದ್ದರು. ಹೊಸ ಲೈನ್‌ಮ್ಯಾನ್ ಗುತ್ತಿಗೆ ಆಳುಗಳನ್ನು ಕರೆದುಕೊಂಡು ಹೋದ. ಎಲ್.ಸಿ. ತಗೊಂಡ. ಹ್ಞೂಂರಿ, ಹ್ಞೂಂರಿ, ಹ್ಞೂಂರಿ.

ಆಮೇಲೆ ಶುರುವಾಯಿತು ನೋಡಿ ಫೋನುಗಳು. ಪಂಚಾಯ್ತಿಯ ನೀರಗಂಟಿ, ಟ್ಯಾಂಕ್ ಖಾಲಿ ಐತ್ರಿ ಅಂತ. ಯಾರೋ ಒಬ್ಬರು, ಮದುವಿ ಮನಿ ಐತ್ರಿ, ಮಿಕ್ಸರ್ ತಿರುಗವಲ್ದು, ಬೀಗರು ಬಂದು ಕುಂತಾರ ಅಂತ. ಪಂಪ್‌ಸೆಟ್ಟಿನವರ ಬೈಗುಳ ಬರೆಯುವಂಥದ್ದಲ್ಲ. ಮೇಲಿಂದ ಸಾಹೇಬರು, "ಇನ್ನೂ ಎಷ್ಟೊತ್ತು ಅಂತ ಕೇಳ್ರಿ ಅವಂಗ." ಲೈನ್‌ಮ್ಯಾನ್ ತಾನಾಗಿ ಫೋನ್ ಮಾಡುವ ತನಕ ನಾವು ಮಾಡಬಾರದು, ಅದು ನಿಯಮ. ಮಾಡಿದೆ. ಹೊರಗೆ ಗಾಳಿ, ಒಳಗೆ ಇನ್ನೊಂದು ಫೋನಿನ ಬಡಿತ, ನಾನು ಗಂಟಲು ಹರಿಯುವಂತೆ ಕೂಗಿದೆ.

"ಮುಗೀತೇನಪಾ?"

"ಹ್ಞೂಂರಿ."

"ಎಲ್ಲಾರೂ ಇಳದ್ರಾ?"

"ಹ್ಞೂಂರಿ."

"ಅರ್ಥಿಂಗ್ ತಗದ್ಯಾ?"

"ಹ್ಞೂಂರಿ."

ನಂಬರನ್ನು ಅವನು ಹೇಳಬೇಕು. ಅವನು ಹೇಳುವ ತನಕ ತಡೆಯುವ ತಾಳ್ಮೆ ನನಗಿರಲಿಲ್ಲ. ನಾನೇ ಪುಸ್ತಕ ನೋಡಿ ಓದಿ, ಇದs ಹೌದಲ್ಲ ಅಂದೆ. ಹ್ಞೂಂರಿ ಅಂದ. ಚಾರ್ಜ್ ಮಾಡ್ತೀನಿ ಅಂದೆ. ಅದಕ್ಕೂ ಹ್ಞೂಂರಿ.

ಅಂಗಳಕ್ಕೆ ಹೋದೆ. ಜಲ್ಲಿ ಕಲ್ಲಿನ ಮೇಲೆ ಗಾಳಿಗೆ ನೆಟ್ಟಗೆ ನಡೆಯಲೂ ಆಗುತ್ತಿರಲಿಲ್ಲ. ಬೋರ್ಡು ತೆಗೆದೆ, ಬೀಗ ತೆಗೆದೆ, ಅರ್ಥಿಂಗ್ ಬಿಡಿಸಿದೆ, ಐಸೊಲೇಟರ್ ಹಾಕಿದೆ. ಒಳಗೆ ಬಂದು ಪ್ಯಾನೆಲ್ ಮುಂದೆ ನಿಂತೆ. ಇನ್ನು ಬ್ರೇಕರಿನ ಸ್ವಿಚ್ಚು ತಿರುಗಿಸುವುದೊಂದೇ ಬಾಕಿ. ಕೈ ಹೋಗಲಿಲ್ಲ. ಸ್ವಿಚ್ಚು ತಿರುಗಿಸ್ತೀನಿ ಅಂತ ಇನ್ನೊಂದು ಸಲ ಹೇಳೋಣ ಅಂತ ಫೋನ್ ಮಾಡಿದೆ. ಅವನು ಎತ್ತಿದ. ಆದರೆ ಬಾಯಿಗೆ ಬಂದ ಮಾತು ಬೇರೆ.

"ಈಗ ನೀ ಎಲ್ಲಿ ಅದೀ?"

ಆ ಕಡೆ ಸದ್ದಿಲ್ಲ. ಈ ಪ್ರಶ್ನೆಗೆ ಹ್ಞೂಂ ಅನ್ನಲು ಬರುವುದಿಲ್ಲ ನೋಡಿ.

"ಎಲ್ಲಿ ಅದೀಯಪಾ?"

"ಕಂಬದ ಮ್ಯಾಲ್ರಿ."

ಪ್ಯಾನೆಲ್ಲಿನಿಂದ ಹಿಂದೆ ಸರಿದು ಕುರ್ಚಿ ಹಿಡಿದುಕೊಂಡೆ. ಆಮೇಲೆ ತಿಳಿದದ್ದು, ಕೊಂಬೆ ಕಡಿಯುವ ಆಳುಗಳು ಕೆಳಗಿದ್ದರು, ತಂತಿ ಜೋಡಿಸಿದ್ದಾಗಿತ್ತು, ಅದನ್ನು ಕಂಬದ ಪಿಂಗಾಣಿ ಇನ್ಸುಲೇಟರಿಗೆ ಕಟ್ಟುವುದು ಬಾಕಿ ಇತ್ತು. ಇವನು ಬೆಲ್ಟು ಕಟ್ಟಿಕೊಂಡು ಮೇಲೆ ನಿಂತು, ಒಂದು ಕೈಯಲ್ಲಿ ತಂತಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಎಲ್ಲಾರೂ ಇಳದಾರ ಅನ್ನುವುದಕ್ಕೆ ಹ್ಞೂಂ ಅಂದಿದ್ದ. ಅವನ ಅರ್ಥಿಂಗ್ ರಾಡು ಲೈನಿನಲ್ಲಿ ಇತ್ತೋ ಇಲ್ಲವೋ, ನನಗೆ ಗೊತ್ತಿರಲಿಲ್ಲ, ಯಾಕಂದರೆ ಅದಕ್ಕೂ ಹ್ಞೂಂ ಅಂದಿದ್ದ.

"ಇಳಿ. ಕೆಲಸ ಮುಗಿಸಿ ಇಳಿ. ಅವಸರ ಇಲ್ಲ" ಅಂದೆ. ಮತ್ತೆ ಅಂಗಳಕ್ಕೆ ಹೋಗಿ ಐಸೊಲೇಟರ್ ತೆಗೆದು ಅರ್ಥಿಂಗ್ ಕೊಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮದುವೆ ಮನೆಯವರ ಫೋನ್ ಎತ್ತಲೇ ಇಲ್ಲ.

ಸಂಜೆ ಅವನು ಎಲ್.ಸಿ. ಪುಸ್ತಕಕ್ಕೆ ಸಹಿ ಹಾಕಲು ಸ್ಟೇಷನ್ನಿಗೆ ಬಂದ. ಅಷ್ಟರಲ್ಲಿ ಲೈನ್ ಚಾರ್ಜ್ ಮಾಡಿಯಾಗಿತ್ತು, ಕಳಚಿ ತಂದ ಐಸೊಲೇಟರಿನ ಕಬ್ಬಿಣದ ಹ್ಯಾಂಡಲು ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ನಾನು ಕೂಗಿದ ಕೂಗು ಹೊರಗಿನ ರಸ್ತೆಗೆ ಕೇಳಿಸಿರಬೇಕು.

"ಸಾಯ್ತಿದ್ಯಲ್ಲೋ. ನನ್ನ ಕೈಲೆ ಸಾಯ್ತಿದ್ದಿ. ಗೊತ್ತಾತಾ?"

"ಹ್ಞೂಂರಿ."

"ಮತ್ತ ಯಾಕ ಅಂದಿ ಹ್ಞೂಂ ಅಂತ? ಹೇಳು. ಬಾಯಾಗ ಏನಿಟ್ಕೊಂಡಿ?"

"ಹ್ಞೂಂರಿ."

ಮೈಯೆಲ್ಲ ಉರಿದುಹೋಯಿತು. ಇನ್ನೂ ಬಯ್ಯುವವಳೇ. ಆಗ ಗಮನಿಸಿದೆ, ಅವನು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದ. ಹ್ಯಾಂಡಲು ಹೋದ ಕಡೆ ಅವನ ಕಣ್ಣು ಹೋಗುತ್ತಿತ್ತು. ಭುಜ ಒಂದಿಷ್ಟು ಮೇಲೆದ್ದಿತ್ತು, ಎಡಗೈ ಕಿವಿಯ ಹತ್ತಿರಕ್ಕೆ ಬಂದಿತ್ತು. ನನಗಿಂತ ಒಂದು ಗೇಣು ಎತ್ತರದ ಗಂಡಸು. ಹ್ಯಾಂಡಲನ್ನು ಮೂಲೆಯಲ್ಲಿಟ್ಟು ಹೊರಗೆ ಹೋಗಿಬಿಟ್ಟೆ.

ನಡೆದದ್ದನ್ನು ಸಾಹೇಬರಿಗೆ ಮುಚ್ಚಿಡುವ ಹಾಗಿರಲಿಲ್ಲ. ಮರುದಿನ ಹೇಳಿದೆ, ನಾನೇ ಫೋನ್ ಮಾಡಿದ್ದನ್ನೂ ನಂಬರ್ ನಾನೇ ಓದಿದ್ದನ್ನೂ ಸೇರಿಸಿ. ಅವರು ಬಹಳ ಹೊತ್ತು ಪೆನ್ನು ತಿರುಗಿಸುತ್ತಾ ಕೂತರು.

"ನಿಮ್ಮದು ಆಮ್ಯಾಲೆ ನೋಡೋಣ. ಅವನು ಲೈನಿಗೆ ಬ್ಯಾಡ. ಪ್ರೊಬೇಷನ್ ರಿಪೋರ್ಟಿನಾಗ ಬರದಬಿಡ್ತೀನಿ."

"ಬರದ್ರ ಕೆಲಸ ಹೋಗತೈತ್ರಿ ಸಾಹೇಬ್ರ."

"ಇಟ್ಕೊಂಡ್ರ ಜೀವ ಹೋಗತೈತಿ. ಯಾವುದು ಬೇಕು?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಸಂಕಟ. ಆ ದಿನ ಬಸ್ಸಿನಲ್ಲಿ ಕೊಟ್ಟೂರು ಬಂದದ್ದೇ ಗೊತ್ತಾಗಲಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಗಂಡ ಏನೂ ಅನ್ನದೆ ಮಜ್ಜಿಗೆ ಸುರಿದುಕೊಂಡು ಉಂಡರು. ಅವರು ಕೂಗಿ ಏನಾದರೂ ಅಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಎರಡು ದಿನ ಬಿಟ್ಟು ಅವನು ಯಾವುದೋ ಇನ್ಸುಲೇಟರ್ ಒಯ್ಯಲು ಸ್ಟೇಷನ್ನಿಗೆ ಬಂದ. ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಒಂದು ಸಿಮೆಂಟ್ ಬೆಂಚು ಇದೆ. ನಾನು ರೊಟ್ಟಿ ಡಬ್ಬಿ ಬಿಚ್ಚಿದ್ದೆ. ಕುಂದುರು ಅಂದೆ, ಕೂತ. ಒಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಇಬ್ಬರೂ ಅಂಗಳದ ಕಡೆ ಮುಖ ಮಾಡಿ ಕೂತಿದ್ದೆವು. ಅವನ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಕೈಯಲ್ಲಿ ರೊಟ್ಟಿ ಬಿಟ್ಟರೆ ಏನೂ ಇರಲಿಲ್ಲ. ನಾನು ಏನೂ ಕೇಳಲಿಲ್ಲ. ಕೇಳದೇ ಇರುವುದು ನನಗೆ ಎಷ್ಟು ಕಷ್ಟ ಅಂತ ನನ್ನ ಬಲ್ಲವರಿಗೆ ಗೊತ್ತು. ಅರ್ಧ ರೊಟ್ಟಿ ಮುಗಿದ ಮೇಲೆ ಅವನೇ ಬಾಯಿಬಿಟ್ಟ.

"ಇಳದಬಿಡಾನು ಅಂದ್ಕಂಡಿದ್ದೆ ಮೇಡಂ."

"ಅಂದ್ರ?"

"ನೀವು ಕೇಳಿದ್ರಿ. ಹ್ಞೂಂ ಅಂದೆ. ಅಂದು ಜಲ್ದಿ ಜಲ್ದಿ ಕಟ್ಟಿ, ನೀವು ಚಾರ್ಜ್ ಮಾಡೋದ್ರೊಳಗ ಇಳದಬಿಡಾನು ಅಂತ. ಮನ್ಯಾಗ ಹಂಗs ಮಾಡ್ತಿದ್ದೆ."

ಆಮೇಲೆ ತುಂಡು ತುಂಡಾಗಿ ಹೇಳಿದ. ಅವನ ಅಪ್ಪ ಅವ್ವ ಕಬ್ಬು ಕಡಿಯಲು ಮಂಡ್ಯದ ಕಡೆ ಗುಳೆ ಹೋಗುವವರು. ಇವನನ್ನು ಸೋದರಮಾವನ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಹೋದವರು ಯಾವಾಗ ಬರುತ್ತಾರೆ ಅಂತ ಹೇಳಿ ಹೋಗುತ್ತಿರಲಿಲ್ಲ.

"ಮಾವ ಕೆಟ್ಟವನಲ್ರಿ. ಉಣ್ಣಾಕ ಹಾಕ್ಯಾನ, ಸಾಲಿಗೆ ಕಳಿಸ್ಯಾನ. ಸಿಟ್ಟು ಭಾಳ. ದನ ಕಟ್ಟಿದೇನಲೇ ಅಂತ ಪಡಸಾಲಿಯಿಂದ ಕೂಗೋನು. ಇಲ್ಲ ಅಂದ್ರ ಬಾರಕೋಲು. ಯಾಕ ಕಟ್ಟಿಲ್ಲ ಅಂತ ಹೇಳಾಕ ಹೋದ್ರ ಇನ್ನೆರಡು. ಹ್ಞೂಂ ಅಂದುಬಿಟ್ಟು ಹಿಂದಲ ಬಾಗಲಿಂದ ಓಡಿ ಹೋಗಿ ಕಟ್ಟಿ ಬರ್ತಿದ್ದೆ. ಅವನು ನೋಡಾಕ ಬರೋದ್ರೊಳಗ ದನ ಕಟ್ಟಿರ್ತಿದ್ವು. ಒಂದು ಸಲಾನೂ ಸಿಕ್ಕಿಲ್ಲ ನಾನು."

ಕೊನೆಯ ಮಾತು ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು. ಅದನ್ನು ಕೇಳಿ ಕೈಯಲ್ಲಿದ್ದ ರೊಟ್ಟಿಯನ್ನು ಡಬ್ಬಿಗೆ ಇಟ್ಟೆ. ಎಂಟೊಂಬತ್ತು ವರ್ಷದ ಹುಡುಗ ತನ್ನ ಬೆನ್ನು ಉಳಿಸಿಕೊಳ್ಳಲು ಕಂಡುಕೊಂಡ ಉಪಾಯ. ಅದು ಅಲ್ಲಿ ಸರಿಯಾಗೇ ಕೆಲಸ ಮಾಡಿತ್ತು. ಮೊದಲು ಹ್ಞೂಂ, ಆಮೇಲೆ ಓಟ. ಆ ಓಟಕ್ಕೆ ಸಿಗುತ್ತಿದ್ದ ವೇಳೆ ಕರೆಂಟಿನ ಲೈನಿನಲ್ಲಿ ಯಾರು ಕೊಡುತ್ತಾರೆ.

"ನಾ ಕೂಗಿದ್ರ ನಿನಗ ಹೆಂಗ ಅನಸತೈತಿ?" ಅಂತ ಕೇಳಿದೆ.

ಬೆರಳಿಗೆ ಅಂಟಿದ ಚಟ್ನಿ ಒರೆಸಿಕೊಂಡ. "ನೀವೇನು ಕೇಳ್ತೀರಿ ಅನ್ನೋದು ಕೇಳಸಂಗಿಲ್ರಿ. ದನಿ ಅಷ್ಟs ಕೇಳಸತೈತಿ" ಅಂದ.

ಅವತ್ತು ಮಧ್ಯಾಹ್ನ ಇಡೀ ನಾನು ಪ್ಯಾನೆಲ್ ಮುಂದೆ ಅತ್ತಿಂದಿತ್ತ ಓಡಾಡಿದೆ. ನಮ್ಮಪ್ಪನ ಗಿರಣಿ ನನ್ನ ಬಾಯಲ್ಲಿ ಕೂತಿದೆ, ಅವನ ಮಾವನ ಬಾರಕೋಲು ಅವನ ಕಿವಿಯಲ್ಲಿ ಕೂತಿದೆ. ಇಬ್ಬರೂ ಹೊಸದಾಗಿ ಏನೂ ಮಾಡುತ್ತಿಲ್ಲ, ಚಿಕ್ಕಂದಿನಲ್ಲಿ ಕಲಿತದ್ದನ್ನೇ ಮಾಡುತ್ತಿದ್ದೇವೆ. ನಮ್ಮಿಬ್ಬರ ನಡುವೆ ಸಾವಿರಾರು ವೋಲ್ಟಿನ ತಂತಿ ಇದೆ. ಅವನನ್ನು ತೆಗೆದು ಬೇರೆಯವನನ್ನು ಹಾಕಿದರೆ ನನ್ನ ಬಾಯಿ ಎಲ್ಲಿಗೆ ಹೋಗುತ್ತದೆ? ಇನ್ನೊಬ್ಬ ಇಂಥವನೇ ಬಂದರೆ?

ಸಾಹೇಬರ ಹತ್ತಿರ ಹೋಗಿ ಹೇಳಿದೆ: ರಿಪೋರ್ಟನ್ನು ಈಗಲೇ ಬರೆಯಬೇಡಿ. ಮಳೆಗಾಲ ಹಿಡಿಯುವ ತನಕ ಅವನು ಮೇಸ್ತ್ರಿ ಜೊತೆಗೆ ಮಾತ್ರ ಹೋಗಲಿ, ಮೇಸ್ತ್ರಿ ಕಣ್ಣೆದುರೇ ಹತ್ತಲಿ, ಇಳಿಯಲಿ. ಆದರೆ ಎಲ್.ಸಿ. ತಗೊಳ್ಳುವುದು, ವಾಪಸ್ ಕೊಡುವುದು ಅವನೇ ಮಾಡಲಿ. ನಾನು ಅವನಿಗೆ ಹ್ಞೂಂ ಅನ್ನಲು ಬರುವಂಥ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೂಗುವುದೂ ಇಲ್ಲ.

"ನೀವು? ಕೂಗಂಗಿಲ್ಲ?" ಸಾಹೇಬರು ಮೊದಲ ಬಾರಿಗೆ ನಕ್ಕರು. "ಆಗ್ಲಿ ನೋಡೋಣ. ಅದನ್ನ ನೋಡಾಕರ ಒಪ್ಕೋತೀನಿ. ಇನ್ನೊಂದು ಸಲ ಹಂಗ ಆದ್ರ ಅವತ್ತs ಬರೀತೀನಿ, ಇಬ್ಬರದೂ."

ಹೇಳಿದಷ್ಟು ಸುಲಭ ಇರಲಿಲ್ಲ. ಮೆಲ್ಲಗೆ ಮಾತಾಡುವುದು ನನಗೆ ಬರೀ ಕಷ್ಟವಲ್ಲ, ಭಯ. ನಮ್ಮ ಮನೆಯಲ್ಲಿ ಹಗಲು ಗಿರಣಿ ನಿಲ್ಲಿಸಿ ಯಾರಾದರೂ ಮೆಲ್ಲಗೆ ಮಾತಾಡಿದರೆ ಎಲ್ಲೋ ಸಾವಾಗಿದೆ ಅಂತಲೇ ಅರ್ಥ. ಅಜ್ಜಿ ಹೋದದ್ದನ್ನು ಅಪ್ಪ ನನಗೆ ಹಾಗೇ ಹೇಳಿದ್ದರು, ಬೆಲ್ಟು ಇಳಿಸಿ, ಪಕ್ಕದಲ್ಲಿ ಕೂತು. ಈಗ ಫೋನ್ ಹಿಡಿದು ದನಿ ಇಳಿಸಿದರೆ ನಾನೇ ಯಾರದೋ ಸಾವಿನ ಸುದ್ದಿ ಹೇಳುತ್ತಿದ್ದೇನೆ ಅನ್ನಿಸುತ್ತಿತ್ತು. ಉಳಿದ ಲೈನ್‌ಮ್ಯಾನ್‌ಗಳು, ಯಾಕ್ರಿ ಅಕ್ಕಾ, ಮೈಯಾಗ ಆರಾಮಿಲ್ಲೇನು, ಗಂಟಲಿಗೆ ಏನಾತು ಅಂತ ವಿಚಾರಿಸಿದರು. ಒಬ್ಬ ಶುಂಠಿ ಕಷಾಯ ಹೇಳಿಕೊಟ್ಟ. ಮನೆಯಲ್ಲೂ ಅಭ್ಯಾಸ ಮಾಡೋಣ ಅಂತ ಮೆಲ್ಲಗೆ ಚಾ ಬೇಕಾ ಅಂದೆ. ನನ್ನ ಗಂಡ ಮತ್ತೆ ಎದ್ದು ನಿಂತರು.

ಪ್ರಶ್ನೆಗಳನ್ನೂ ಹೊಸದಾಗಿ ಕಲಿಯಬೇಕಾಯಿತು. ಅರ್ಥಿಂಗ್ ಹಾಕಿದ್ಯಾ ಅನ್ನುವ ಬದಲು, ಅರ್ಥಿಂಗ್ ರಾಡು ಯಾವ ಯಾವ ಕಂಬಕ್ಕೈತಿ ಹೇಳು. ಎಲ್ಲಾರೂ ಇಳದ್ರಾ ಅನ್ನುವ ಬದಲು, ಯಾರು ಯಾರು ಎಲ್ಲೆಲ್ಲಿ ಅದಾರ ಹೇಳು. ಮೊದಮೊದಲು ಅವನು ಒದ್ದಾಡಿದ. ಮಾತು ಹುಡುಕುತ್ತಿದ್ದ, ತೊದಲುತ್ತಿದ್ದ. ಪಕ್ಕದಲ್ಲಿ ಮೇಸ್ತ್ರಿಯ ಗೊಣಗಾಟ ನನಗೆ ಕೇಳಿಸುತ್ತಿತ್ತು. "ಏನವ್ವಾ ತಾಯಿ, ಫೋನಿನಾಗ ಸಾಲಿ ತಗದೀಯೇನು? ಬಿಸಲಾಗ ನಿಂತೀವಿ ನಾವು."

ಆಮೇಲೆ ನಾನು ಒಂದು ಹೆಜ್ಜೆ ಮುಂದೆ ಹೋದೆ. ಅವನು ಕಲಿಯಬೇಕಾದದ್ದು 'ಇಲ್ಲ' ಅನ್ನುವ ಮಾತು. ಹಾಗಾಗಿ ಒಂದು ದಿನ ಅವನು ಎಲ್.ಸಿ. ಕೇಳಿದಾಗ, ಬೇಕೆಂದೇ ಬೇರೆ ಫೀಡರಿನ ಹೆಸರು ಹೇಳಿ, ಅದನ್ನ ಬಿಡಸ್ತೀನಿ ಅಂದೆ. ಹ್ಞೂಂರಿ ಅಂದ. ನಾನು ಏನೂ ಮಾಡಲಿಲ್ಲ, ಫೋನ್ ಹಿಡಿದು ಸುಮ್ಮನೆ ನಿಂತೆ. ಎಲ್.ಸಿ. ಇಲ್ಲ, ಬೈಗುಳವೂ ಇಲ್ಲ. ಅವನ ಉಸಿರು ಕೇಳಿಸುತ್ತಿತ್ತು. ಅವತ್ತು ಅವನಿಗೆ ಅದನ್ನು ಅನ್ನಲು ಆಗಲೇ ಇಲ್ಲ. ಕೊನೆಗೆ ಮೇಸ್ತ್ರಿ ಫೋನ್ ಕಿತ್ತುಕೊಂಡು, "ಅದಲ್ರಿ, ಈ ಕಡೀದು" ಅಂದರು. ಸಂಜೆ ಬಸ್ಸಿನಲ್ಲಿ ನನಗೆ ಅಳು ಬಂತು. ಇದು ಆಗುವ ಕೆಲಸವಲ್ಲ, ನಾನೇ ಸಾಹೇಬರಿಗೆ ಬರೆದುಬಿಡ್ರಿ ಅನ್ನಬೇಕಾಗುತ್ತದೆ ಅನ್ನಿಸಿತು.

ಹಾಗೆ ಇನ್ನೂ ಕೆಲವು ಸಲ ಆಯಿತು. ಒಂದು ಬೆಳಿಗ್ಗೆ ಮತ್ತೆ ತಪ್ಪು ಹೆಸರು ಹೇಳಿದೆ. ಆ ಕಡೆ ಹ್ಞೂಂ ಬರಲಿಲ್ಲ. ಏನೂ ಬರಲಿಲ್ಲ. ಆಮೇಲೆ, ಹೇಳಲೋ ಬೇಡವೋ ಅನ್ನುವಂತೆ, "ಅಲ್ಲ ಅನಸತೈತ್ರಿ" ಅಂದ.

"ಹಂಗಾರ ಯಾವುದು?"

ಸರಿಯಾದದ್ದು ಹೇಳಿದ. ನಾನು ಆನಂದಕ್ಕೆ, "ಹಂಗs ಹೇಳಬೇಕು ನೋಡಲೇ" ಅಂತ ಗಿರಣಿ ದನಿಯಲ್ಲಿ ಕಿರುಚಿಬಿಟ್ಟೆ. ಅಷ್ಟಕ್ಕೇ ಅವನು ಮತ್ತೆ ಹ್ಞೂಂರಿಗೆ ಹೋದ. ಆ ವಾರವೆಲ್ಲ ಹ್ಞೂಂರಿಯೇ. ನನ್ನ ತಲೆ ನಾನೇ ಚಚ್ಚಿಕೊಂಡೆ. ಮತ್ತೆ ಮೊದಲಿನಿಂದ ಶುರು.

ಮಳೆ ಹಿಡಿಯಿತು. ಮೆಕ್ಕೆಜೋಳ ಬಿತ್ತನೆ ಮುಗಿಯುವ ಹೊತ್ತಿಗೆ ಒಂದು ದಿನ ದೊಡ್ಡ ಸಾಹೇಬರು ಸ್ಟೇಷನ್ ನೋಡಲು ಬರುವವರಿದ್ದರು. ಅವತ್ತೇ ಒಂದು ಫೀಡರಿನಲ್ಲಿ ತಂತಿ ಹಿಡಿದ ಪಿಂಗಾಣಿ ಡಿಸ್ಕ್ ಒಡೆದು ಲೈನ್ ಬಂದಾಯಿತು. ಮೇಸ್ತ್ರಿ, ಇವನು, ಇನ್ನೊಬ್ಬ ಲೈನ್‌ಮ್ಯಾನ್ ಹೋದರು. ಎಲ್.ಸಿ. ಇವನ ಹೆಸರಿನಲ್ಲಿ. ನಮ್ಮ ಸಾಹೇಬರು ನನ್ನ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ದೊಡ್ಡ ಸಾಹೇಬರ ಗಾಡಿ ಕೂಡ್ಲಿಗಿ ಬಿಟ್ಟಿದೆ ಅಂತ ಫೋನ್ ಬಂತು. ಒಂದು ಫೀಡರ್ ಸತ್ತು ಬಿದ್ದಿರುವಾಗ ಅವರು ಒಳಗೆ ಬರುವುದು ಸಾಹೇಬರಿಗೆ ಬೇಡವಾಗಿತ್ತು.

"ಕೇಳ್ರಿ ಅವಂಗ."

"ಕೇಳಂಗಿಲ್ರಿ. ಅವನs ಮಾಡಬೇಕು."

ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಸಾಹೇಬರೇ ಮಾಡಿದರು. ನಾನು ಬ್ಯಾಡ್ರಿ ಅಂದೆ, ಅವರಿಗೆ ಕೇಳಿಸಲಿಲ್ಲ. ಆ ಕಡೆ ಎತ್ತುತ್ತಿದ್ದ ಹಾಗೇ ಗುಡುಗಿದರು. ಅವರ ದನಿ ನನ್ನದಕ್ಕಿಂತ ದೊಡ್ಡದು ಅಂತ ಅವತ್ತೇ ಗೊತ್ತಾದದ್ದು.

"ಮುಗೀತೇನಲೇ? ಎಲ್ಲಾ ಇಳದೀರಿಲ್ಲೋ? ಚಾರ್ಜ್ ಮಾಡಸ್ತೀನಿ."

ನಾನು ಬ್ರೇಕರ್ ಸ್ವಿಚ್ಚಿಗೆ ಅಡ್ಡ ನಿಂತುಬಿಟ್ಟೆ. ಯಾರು ಏನೇ ಅನ್ನಲಿ, ಈ ಹ್ಞೂಂಗೆ ನಾನು ಕೈ ಹಾಕುವುದಿಲ್ಲ ಅಂತ. ಫೋನ್ ಸಾಹೇಬರ ಕಿವಿಯಲ್ಲಿತ್ತು, ಆ ಕಡೆಯ ಮಾತು ನನಗೆ ಕೇಳಿಸುವ ಹಾಗಿರಲಿಲ್ಲ. ಅವರ ಮುಖ ನೋಡುತ್ತಾ ನಿಂತೆ. ಅವರು ತುಸು ಹೊತ್ತು ಕಾದರು. ಹುಬ್ಬು ಗಂಟಿಕ್ಕಿತು. ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಇಲ್ರಿ ಅಂತಾನ."

"ಮತ್ತೇನಂದ?"

"ಇನ್ನೂ ಇಬ್ಬರು ಮ್ಯಾಲದಾರ, ಚಾರ್ಜ್ ಮಾಡಬ್ಯಾಡ್ರಿ, ನಾನs ಫೋನ್ ಮಾಡ್ತೀನಿ ಅಂತ. ಅಂದು ಇಟ್ಟಬಿಟ್ಟ." ಸಾಹೇಬರು ಕುರ್ಚಿಯಲ್ಲಿ ಕೂತರು. "ನನಗ ಹೇಳತಾನ."

ಬಾಯಿ ಬಿಟ್ಟರೆ ಕೂಗಾಗುತ್ತದೆ ಅಂತ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಹೊರಗೆ ಗಾಡಿ ಬಂದ ಸದ್ದಾಯಿತು, ಗೇಟು ತೆಗೆದರು, ಸಾಹೇಬರು ಎದ್ದು ಹೋದರು. ದೊಡ್ಡ ಸಾಹೇಬರಿಗೆ ಅವರು ಏನು ಹೇಳಿದರೋ, ಲೈನಿನ ಮೇಲೆ ನಮ್ಮ ಹುಡುಗರು ಅದಾರ ಸರ್ ಅನ್ನುವುದಷ್ಟು ನನ್ನ ಕಿವಿಗೆ ಬಿತ್ತು.

ಬಹಳ ಹೊತ್ತಿನ ಮೇಲೆ ಫೋನ್ ಬಂತು. ಎತ್ತಿದೆ. ದನಿ ಇಳಿಸಿ, ಹೇಳಪಾ ಅಂದೆ. ಅವನು ಮೊದಲು ನಂಬರು ಹೇಳಿದ, ನಾನು ಪುಸ್ತಕದಲ್ಲಿ ನೋಡಿಕೊಂಡೆ. ರಾಡುಗಳನ್ನು ಯಾವ ಯಾವ ಕಂಬದಿಂದ ತೆಗೆದೆ ಅಂತ ಹೇಳಿದ.

"ಯಾರು ಯಾರು ಎಲ್ಲದಾರ?"

"ಮೇಸ್ತ್ರಿ ಕೆಳಗದಾರ್ರಿ, ಬೀಡಿ ಹಚ್ಯಾರ. ಇನ್ನೊಬ್ಬ ಗಾಡಿ ಹತ್ರ ಅದಾನ."

"ಮತ್ತ?"

"ಮತ್ತ ನಾನ್ರಿ ಅಕ್ಕಾ. ನಾನೂ ಇಳದೀನಿ. ನೆಲದ ಮ್ಯಾಲೆ ಅದೀನಿ."

ಅಂಗಳಕ್ಕೆ ಹೋಗಿ ಬೋರ್ಡು, ಬೀಗ, ಅರ್ಥಿಂಗ್ ಎಲ್ಲ ತೆಗೆದು, ಐಸೊಲೇಟರ್ ಹಾಕಿ ಬಂದೆ. ಸ್ವಿಚ್ಚು ತಿರುಗಿಸಿದೆ. ಲೈನ್ ಹಿಡಿಯಿತು, ಕರೆಂಟ್ ಹರಿಯಿತು.